ನಮ್ಮತ್ತೆಯ ಕಾರು, ಮಾವನ ಕಿವಿ

ಆ ಕಾಲದಲ್ಲಿ ಶಿವಮೊಗ್ಗದಲ್ಲೆಲ್ಲ ಅತಿ ಜೋರಾಗಿ ಕಾರು ಓಡಿಸುತ್ತಿದ್ದವರು ಯಾರು ಗೊತ್ತೇ? ನಮ್ಮ ಅತ್ತೆ! ನಗಬೇಡಿ. ಅವರ ಬಳಿ ಕಾರಿರಲಿಲ್ಲ, ಲೈಸೆನ್ಸ್ ಇರಲಿಲ್ಲ, ಜನ್ಮದಲ್ಲಿ ಒಂದು ಸೈಕಲ್ಲನ್ನೂ ಹತ್ತಿದವರಲ್ಲ. ಇಂಥ ಸಣ್ಣಪುಟ್ಟ ಕೊರತೆಗಳನ್ನು ಬದಿಗಿಟ್ಟು ನೋಡುವ ದೊಡ್ಡ ಮನಸ್ಸು ನಿಮಗಿದ್ದರೆ ನನ್ನ ಮಾತನ್ನು ನೀವು ಒಪ್ಪಲೇಬೇಕು.

ಅತ್ತೆ ಎಂದರೆ ನನ್ನ ತಂದೆಯ ತಂಗಿ. ವಿನೋಬನಗರದ ತಮ್ಮ ಮನೆಯ ನಡುಮನೆಯಲ್ಲೇ ಟೈಲರಿಂಗ್ ಕ್ಲಾಸ್ ನಡೆಸುತ್ತಿದ್ದರು. ಬಡಾವಣೆಯ ಅರ್ಧ ಹೆಂಗಸರ ರವಿಕೆಯ ಅಳತೆ ಅವರ ಬಾಯಲ್ಲೇ ಇತ್ತು. ವಿನಯ ಎಂಬುದು ಮಾತ್ರ ಅವರ ಹತ್ತಿರ ಸುಳಿದಿರಲಿಲ್ಲ. “ನಾನು ಕೈ ಹಾಕಿದ್ದು ಯಾವ್ದು ಕೆಟ್ಟಿದೆ ಹೇಳು” ಎಂದು ಕೇಳುವರು. ಕೆಟ್ಟದ್ದು ಯಾವುದೂ ನೆನಪಿಗೆ ಬರುತ್ತಿರಲಿಲ್ಲ, ಅದೇ ಕಷ್ಟ. ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ ನನಗೆ ಶಿವಮೊಗ್ಗದ ಒಂದು ಕಾಲೇಜಿನಲ್ಲಿ ಕೆಲಸ ಸಿಕ್ಕಿ, ಅವರ ಮನೆಯಲ್ಲೇ ಇರತೊಡಗಿದೆ. ಮಕ್ಕಳಿಲ್ಲದ ಮನೆಗೆ ನಾನೊಬ್ಬ ದೊಡ್ಡ ಮಗುವಾಗಿ ಬಂದು ಸೇರಿದ ಹಾಗಾಯಿತು.

ಮನೆಯಲ್ಲಿದ್ದ ಇನ್ನೊಬ್ಬರು ಮಾವ, ಅತ್ತೆಯ ಯಜಮಾನರು. ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಲೆಕ್ಕಪತ್ರ ನೋಡಿ ನಿವೃತ್ತರಾದವರು. ಕೆಲವು ವರ್ಷಗಳ ಹಿಂದೆ ಸ್ನೇಹಿತರ ಕಾರಿನಲ್ಲಿ ಹೊಳೆಹೊನ್ನೂರಿನಿಂದ ಬರುವಾಗ ಎಮ್ಮೆಯೊಂದು ಅಡ್ಡ ಬಂತಂತೆ. ಬ್ರೇಕು ಒತ್ತಿದ ಕೂಡಲೇ ಚಕ್ರಗಳು ಕಿರುಚಿ, ಕಾರು ಒಂದು ಸುತ್ತು ತಿರುಗಿ ಗದ್ದೆಗೆ ಇಳಿಯಿತಂತೆ. ಕಾರಿನಲ್ಲಿದ್ದವರಿಗೆ ಏನೂ ಆಗಲಿಲ್ಲ, ಎಮ್ಮೆಗೂ ಏನೂ ಆಗಲಿಲ್ಲ. ಆದರೆ ಆ ಕಿರುಚು ಮಾವನ ಕಿವಿಯೊಳಗೆ ಹೊಕ್ಕಿದ್ದು ಹೊರಗೆ ಬರಲೇ ಇಲ್ಲ. ಅಂದಿನಿಂದ ಬಸ್ಸಿಲ್ಲ, ಆಟೋ ಇಲ್ಲ, ಯಾರ ಸ್ಕೂಟರಿನ ಹಿಂದೆಯೂ ಕೂರುವುದಿಲ್ಲ. ಕಾಲು ನಡೆದಷ್ಟು ದೂರವೇ ಅವರ ಪ್ರಪಂಚ. ರೈಲಿದೆಯಲ್ಲ ಅಂತೀರಾ? ಅದನ್ನೂ ನೋಡಿಯಾಗಿತ್ತು. ಸ್ಟೇಷನ್ನಿನವರೆಗೆ ನಡೆದೇ ಹೋಗಿ, ಟಿಕೆಟ್ಟು ಕೊಂಡು, ರೈಲು ಪ್ಲಾಟ್‌ಫಾರ್ಮಿಗೆ ಬಂದು ಬ್ರೇಕಿನ ಸದ್ದು ಮಾಡಿದ್ದೇ ತಡ, ಮಾವ ಬಂದ ದಾರಿಯಲ್ಲೇ ವಾಪಸು ನಡೆದು ಬಂದಿದ್ದರು.

ಇದರಿಂದ ಯಾರಿಗೆ ಏನು ನಷ್ಟ ಎನ್ನಬೇಡಿ. ಭದ್ರಾವತಿಯಲ್ಲಿ ಮಾವನ ದೊಡ್ಡಕ್ಕ ಇದ್ದರು. ತಾಯಿಯಿಲ್ಲದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಸಾಕಿದವರು. ಮಂಡಿ ನೋವಿನಿಂದ ಹೊಸ್ತಿಲು ದಾಟಲಾರರು. ಇವರು ಇಲ್ಲಿ, ಅವರು ಅಲ್ಲಿ, ನಡುವೆ ಬಸ್ಸು ಹತ್ತಿದರೆ ಒಂದು ನಿದ್ದೆಗೂ ಸಾಲದಷ್ಟು ದಾರಿ. ದಿನವೂ ಸಂಜೆ ಫೋನಿನಲ್ಲಿ ಮಾತು. ಒಂದು ಸಂಜೆ ದೊಡ್ಡಕ್ಕ, “ಡಾಕ್ಟ್ರು ನನ್ನ ಕಣ್ಣು ಇನ್ನು ಜಾಸ್ತಿ ದಿನ ಕಾಣಲ್ಲ ಅಂದ್ರು ಕಣೋ ತಮ್ಮಾ. ಮಂಜಾಗೋಕೆ ಮುಂಚೆ ಒಂದ್ಸಲ ಬಂದು ಮುಖ ತೋರ್ಸಿ ಹೋಗು” ಎಂದರು. ಮಾವ “ಬರ್ತೀನಿ ಅಕ್ಕ” ಎಂದು ಫೋನಿಟ್ಟು, ಹಿತ್ತಲಿಗೆ ಹೋಗಿ ಬಹಳ ಹೊತ್ತು ಬರಲಿಲ್ಲ. ಬಾಡಿಗೆ ಕಾರು ತರುತ್ತೇನೆ, ನಿಧಾನಕ್ಕೆ ಓಡಿಸಲು ಹೇಳುತ್ತೇನೆ ಎಂದು ನಾನು ಎಷ್ಟು ಹೇಳಿದರೂ ಅವರದು ಒಂದೇ ಮಾತು: “ಯಾರೋ ಗೊತ್ತಿಲ್ದೋನ ಕೈಲಿ ಜೀವ ಕೊಟ್ಟು ಕೂತ್ಕೊಳ್ಳೋಕೆ ನನ್ನಿಂದ ಆಗಲ್ಲ ಮಾರಾಯ.”

ಅತ್ತೆ ಈ ಮಾತನ್ನು ಅಡುಗೆಮನೆಯಿಂದ ಕೇಳಿಸಿಕೊಂಡರು. ಕೇಳಿಸಿಕೊಂಡು ಸುಮ್ಮನಿರುವ ಪೈಕಿಯೇ ಅವರು?

ಅದೇ ದಿನಗಳಲ್ಲಿ ನಾನೊಂದು ಕಂಪ್ಯೂಟರ್ ಜೋಡಿಸಿಕೊಂಡಿದ್ದೆ. ಕಾಲೇಜಿನ ಪಾಠಕ್ಕೆ ಬೇಕು ಎಂದು ಮನೆಯಲ್ಲಿ ಹೇಳಿದ್ದೆ. ನಿಜವಾಗಿ ಬೇಕಾಗಿದ್ದದ್ದು ಕಾರ್ ರೇಸಿನ ಗೇಮಿಗೆ. ಅದಕ್ಕೆಂದೇ ಗೆಳೆಯನೊಬ್ಬನಿಂದ ಹಳೆಯ ಸ್ಟೀರಿಂಗು, ಕಾಲಿನಿಂದ ಒತ್ತುವ ಪೆಡಲುಗಳ ಜೋಡಿ ತಂದಿದ್ದೆ. ಅದು ಬರೀ ಆಟದ ಸಾಮಾನಲ್ಲ. ಗೇಮಿನ ಕಾರಿನ ಚಕ್ರಕ್ಕೆ ಏನಾಗುತ್ತದೋ ಅದನ್ನೆಲ್ಲ ಒಳಗಿನ ಮೋಟರು ಕೈಗೆ ಮುಟ್ಟಿಸುತ್ತಿತ್ತು. ತಿರುವಿನಲ್ಲಿ ಸ್ಟೀರಿಂಗು ಭಾರವಾಗುತ್ತಿತ್ತು, ರಸ್ತೆಯಂಚಿಗೆ ಹೋದರೆ ನಡುಗುತ್ತಿತ್ತು. ನಡುಮನೆಯಲ್ಲಿ ಅದನ್ನು ಬಿಗಿಯಲು ಬೇರೆ ಮೇಜಿರಲಿಲ್ಲವಾದ್ದರಿಂದ ಅತ್ತೆಯ ಹೊಲಿಗೆ ಮೆಷಿನ್ನಿನ ಹಲಗೆಗೇ ಬಿಗಿದೆ. ಅತ್ತೆ ಬಂದು ನೋಡಿ ಬೈಯುತ್ತಾರೆ ಎಂದುಕೊಂಡರೆ, “ಇದ್ರಲ್ಲಿ ಕಲಿತ್ರೆ ನಿಜವಾದ ಕಾರು ಬರುತ್ತೇನೋ?” ಎಂದು ಕೇಳಿದರು. ನಾನು ಪರದೆಯಿಂದ ಕಣ್ಣು ತೆಗೆಯದೆ, “ಬರದೆ ಏನತ್ತೆ” ಎಂದೆ.

“ಹಾಗಾದ್ರೆ ಏಳು. ನಾನು ಗೊತ್ತಿಲ್ದೋಳಲ್ವಲ್ಲ. ನಾನು ಓಡಿಸಿದ್ರೆ ಅವ್ರು ಕೂತ್ಕೋತಾರೆ.”

ಮೊದಲ ದಿನದ ಅವರ ಸವಾರಿಯನ್ನು ವರ್ಣಿಸಲು ನನಗೆ ಶಕ್ತಿಯಿಲ್ಲ. ಜೀವಮಾನವಿಡೀ ಹೊಲಿಗೆ ಮೆಷಿನ್ನು ತುಳಿದ ಕಾಲುಗಳು. ಒಂದು ಪಾದ ಕೆಳಗೆ ಹೋದರೆ ಇನ್ನೊಂದು ತಾನಾಗಿ ಮೇಲೆ ಬರಬೇಕು ಎಂಬುದು ಅವಕ್ಕೆ ಗೊತ್ತಿದ್ದ ಏಕೈಕ ಶಾಸ್ತ್ರ. ಇಲ್ಲಿ ಒಂದು ಪಾದದ ಕೆಳಗೆ ಆಕ್ಸಿಲರೇಟರ್, ಇನ್ನೊಂದರ ಕೆಳಗೆ ಬ್ರೇಕು! ಕಾರು ನುಗ್ಗುವುದು, ತಡೆಯುವುದು, ನುಗ್ಗುವುದು, ತಡೆಯುವುದು. ಅಷ್ಟು ದುಬಾರಿ ರೇಸ್ ಕಾರು ಪರದೆಯ ಮೇಲೆ ಬಿಕ್ಕಳಿಸುತ್ತಾ ಹೊರಟಿತು. ಕ್ಲಾಸಿಗೆ ಬಂದಿದ್ದ ಹುಡುಗಿಯರು ಸೆರಗು ಬಾಯಿಗಿಟ್ಟುಕೊಂಡರು. ಅತ್ತೆ ತಿರುಗಿ, “ನಗೋದಾದ್ರೆ ರವಿಕೆಗೆ ಸುಕ್ಕಿಲ್ದೆ ತೋಳು ಕೂರ್ಸಿ ತೋರ್ಸಿ ಆಮೇಲೆ ನಗಿ” ಎಂದರು. ನಗು ನಿಂತಿತು.

ಕಾಲಿಗೆ ಬುದ್ಧಿ ಬಂದ ಮೇಲೆ ಎರಡನೆಯ ತಾಪತ್ರಯ ಶುರುವಾಯಿತು. ವೇಗ ಬಂತಲ್ಲ, ತಿರುವಿನಲ್ಲಿ ಚಕ್ರಗಳು ಕಿರುಚತೊಡಗಿದವು. ಸ್ಪೀಕರಿನಿಂದ ಮೊದಲ ಕಿರುಚು ಬಂದಾಗ ಜಗಲಿಯ ಮೇಲೆ ಕಾಫಿ ಕುಡಿಯುತ್ತಿದ್ದ ಮಾವನ ಲೋಟ ಕೈಜಾರಿ ಬಿತ್ತು. ನಾವು ಓಡಿ ಹೋದೆವು. “ಏನಿಲ್ಲ, ಏನಿಲ್ಲ” ಎನ್ನುತ್ತಾ ಕುರ್ಚಿಯನ್ನು ಎತ್ತಿಕೊಂಡು ಹಿತ್ತಲಿಗೆ ಹೋದರು. ನಾನು ಬುದ್ಧಿವಂತನ ಹಾಗೆ, “ಅತ್ತೆ, ಹೆಡ್‌ಫೋನ್ ಹಾಕ್ಕೊಳ್ಳಿ, ಮಾವನಿಗೆ ಕೇಳ್ಸಲ್ಲ” ಎಂದೆ.

ಅತ್ತೆ ಹೆಡ್‌ಫೋನನ್ನು ಕೈಗೆ ತೆಗೆದುಕೊಂಡು ಮತ್ತೆ ಕೆಳಗಿಟ್ಟರು. ಆಮೇಲೆ, “ಬೇಡ. ಅವ್ರಿಗೆ ಕೇಳಿಸ್ಬೇಕು. ನನ್ನ ಕೈಲಿ ಚಕ್ರ ಕಿರುಚಲ್ಲ ಅಂತ ಅವ್ರ ಕಿವಿಗೇ ಗೊತ್ತಾಗ್ಬೇಕು” ಎಂದರು.

ಅಲ್ಲಿಂದ ಶುರುವಾಯಿತು ನೋಡಿ ನಮ್ಮತ್ತೆಯ ತಪಸ್ಸು! ಗೇಮಿನ ಹಾಡನ್ನು ನಿಲ್ಲಿಸಿದರು. ಇಂಜಿನ್ನಿನ ಸದ್ದನ್ನು ಪೂರಾ ಇಳಿಸಲು ನನಗೆ ಹೇಳಿದರು. “ಇಂಜಿನ್ನಿಲ್ಲದೆ ಮಜಾ ಏನತ್ತೆ?” ಎಂದರೆ, “ಇಂಜಿನ್ನು ತನ್ನ ಜಂಭ ಹೇಳ್ಕೊಳ್ಳುತ್ತೆ ಅಷ್ಟೆ. ನೆಲ ಮುಟ್ಟಿರೋದು ಚಕ್ರ ತಾನೆ? ಅದು ಏನನ್ನುತ್ತೆ ಕೇಳು” ಎಂದರು. ಅತ್ತೆ ಇನ್ನೊಬ್ಬರ ಜಂಭದ ಬಗ್ಗೆ ಮಾತಾಡಿದ್ದು ಅದೇ ಮೊದಲು.

ನಾನು ಕೇಳಿದೆ. ನನಗೆ ಕಿರುಚುವುದು, ಕಿರುಚದಿರುವುದು, ಇವೆರಡೇ ಕೇಳಿಸಿದವು. ಅತ್ತೆಗೆ ಅಲ್ಲಿ ಒಂದು ಸಂಸಾರವೇ ಕೇಳಿಸುತ್ತಿತ್ತು. ಚಕ್ರ ಸುಮ್ಮನಿದ್ದರೆ ಅದಕ್ಕಿನ್ನೂ ಶಕ್ತಿ ಉಳಿದಿದೆ, ಇನ್ನಷ್ಟು ಜೋರಾಗಿ ಹೋಗಬಹುದು ಎಂದರ್ಥ. ಆಮೇಲೆ ಸಣ್ಣಗೆ ಗುನುಗತೊಡಗುತ್ತದೆ. ಅದೇ ಸರಿಯಾದ ಜಾಗ. ಅದರಿಂದಾಚೆ ನರಳುತ್ತದೆ, ಆಗಲೇ ಕಾಲು ಸಡಿಲಿಸಬೇಕು. ಕಿರುಚಿತೋ, ಹಿಡಿತ ತಪ್ಪಿ ಚಕ್ರ ನೆಲವನ್ನು ಉಜ್ಜುತ್ತಿದೆ, ಕಾರು ಓಡುತ್ತಿಲ್ಲ, ಜಾರುತ್ತಿದೆ. “ಕಿರುಚಾಡ್ಕೊಂಡು ತಿರುಗೋನು ಜೋರಾಗಿ ಹೋಗ್ತಿದೀನಿ ಅಂದ್ಕೊಂಡಿರ್ತಾನೆ ಮಾರಾಯ. ಅವ್ನು ಹೋಗ್ತಾನೇ ಇರಲ್ಲ.” ಇದನ್ನು ಅವರು ನನ್ನ ಮುಖ ನೋಡಿಕೊಂಡೇ ಹೇಳಿದರು, ಯಾಕೆಂದರೆ ನನ್ನ ಸವಾರಿಯೆಲ್ಲ ಕಿರುಚಾಟವೇ ಆಗಿತ್ತು. ಇಡೀ ಬೀದಿ ನಮ್ಮ ಮನೆಯಲ್ಲಿ ಬೆಕ್ಕು ಸಾಕಿದ್ದಾರೆ ಎಂದುಕೊಂಡಿತ್ತು.

ಸ್ಟೀರಿಂಗನ್ನು ಹಿಡಿಯುವ ಅವರ ರೀತಿಯೇ ಬೇರೆ. ನಾನು ಕೊರಳಪಟ್ಟಿ ಹಿಡಿದ ಹಾಗೆ ಹಿಡಿಯುತ್ತಿದ್ದೆ. ಅವರು ಬೆರಳ ತುದಿಗಳನ್ನಷ್ಟೇ ಇಡುತ್ತಿದ್ದರು. ರವಿಕೆಯ ಕತ್ತಿನ ಸುತ್ತು ಹೊಲಿಯುವಾಗ ಹುಡುಗಿಯರಿಗೆ ಹೇಳುತ್ತಿದ್ದ ಮಾತನ್ನೇ ನನಗೂ ಹೇಳಿದರು: “ಬಟ್ಟೆ ಎಳೀಬಾರ್ದು. ಅದು ಹೋಗ್ತಿರುತ್ತೆ, ನೀನು ದಾರಿ ತೋರಿಸ್ಬೇಕು ಅಷ್ಟೆ.” ಎರಡು ತಿಂಗಳು ತುಂಬುವಷ್ಟರಲ್ಲಿ ಆ ಗೇಮಿನಲ್ಲಿ ನಾನು ಹಗಲೂ ರಾತ್ರಿ ಒದ್ದಾಡಿ ಮಾಡಿದ್ದ ದಾಖಲೆ ಮುರಿದು ಬಿತ್ತು. ಹೋಗಲಿ, ಒಂದು ಕೂದಲೆಳೆಯಷ್ಟು ಅಂತರದಲ್ಲಾದರೂ ಮುರಿಯಬಾರದೇ? ಅವರು ಒಂದು ಸುತ್ತು ಮುಗಿಸಿ, ಕನ್ನಡಕ ಒರೆಸಿಕೊಂಡು ಕೂತ ಮೇಲೆ ನನ್ನ ದಾಖಲೆಯಷ್ಟು ಹೊತ್ತು ಆಗುತ್ತಿತ್ತು. ಸದ್ದೇ ಇಲ್ಲದ ಆ ವೇಗವನ್ನು ನೋಡುವಾಗ ನನಗೆ ಮೈ ಜುಮ್ಮೆನ್ನುತ್ತಿತ್ತು. ದೇವರಾಣೆ, ಹೊಟ್ಟೆಕಿಚ್ಚು ಪಡುವುದಕ್ಕೂ ಒಂದು ಯೋಗ್ಯತೆ ಬೇಕು, ಅದು ನನಗಿರಲಿಲ್ಲ.

ಈ ನಡುವೆ ಇನ್ನೊಂದು ಸೋಜಿಗ ನಡೆಯುತ್ತಿತ್ತು. ಹಿತ್ತಲಿಗೆ ಹೋಗಿದ್ದ ಮಾವನ ಕುರ್ಚಿ ಒಂದು ದಿನ ಅಡುಗೆಮನೆಯ ಬಾಗಿಲಿಗೆ ಬಂತು. ಕೆಲವು ದಿನ ಬಿಟ್ಟು ಊಟದ ಕೋಣೆಗೆ ಬಂತು. ಪೇಪರನ್ನು ಮುಖಕ್ಕೆ ಅಡ್ಡ ಹಿಡಿದು ಕೂತಿರುತ್ತಿದ್ದರು. ಒಂದು ಮಧ್ಯಾಹ್ನ ಅತ್ತೆ ಮೈಮರೆತು ಓಡಿಸುತ್ತಿದ್ದಾಗ ಪೇಪರಿನ ಹಿಂದಿನಿಂದ ಧ್ವನಿ ಬಂತು.

“ಈಗೊಂದ್ಸಲ ನರಳ್ತು ಕಣೇ.”

ಅತ್ತೆ ಕಾರು ನಿಲ್ಲಿಸಿಬಿಟ್ಟರು. “ಎಲ್ಲಿ?”

“ಸೇತುವೆ ಥರ ಗುಡುಗುಡು ಸದ್ದು ಬರುತ್ತಲ್ಲ, ಅದಾದ್ಮೇಲಿನ ತಿರುವಲ್ಲಿ. ನೀನು ಬ್ರೇಕ್ ಬಿಡೋಕೆ ಮುಂಚೆನೇ ತಿರುಗಿಸ್ತಿದೀಯ. ಎರಡೂ ಕೆಲಸ ಒಟ್ಟಿಗೆ ಕೊಟ್ರೆ ಅದಾದ್ರೂ ಏನು ಮಾಡುತ್ತೆ ಪಾಪ.”

ಪರದೆಯನ್ನು ಒಮ್ಮೆಯೂ ನೋಡದ ಮನುಷ್ಯ! ಹೆದರಿದ ಕಿವಿಯಷ್ಟು ಚೆನ್ನಾಗಿ ಬೇರೆ ಯಾವುದೂ ಕೇಳಿಸಿಕೊಳ್ಳುವುದಿಲ್ಲ ಎಂದು ಆಗ ಗೊತ್ತಾಯಿತು. ಅತ್ತೆ ಮರುಮಾತಿಲ್ಲದೆ ಅದೇ ತಿರುವನ್ನು ಮತ್ತೆ ತೆಗೆದುಕೊಂಡರು. ಅತ್ತೆ ಮರುಮಾತಿಲ್ಲದೆ ಯಾವುದನ್ನಾದರೂ ಮಾಡಿದ್ದನ್ನು ನಾನು ನೋಡಿದ್ದು ಅಂದೇ. ಗುನುಗು ಬಂತು, ನರಳಾಟ ಬರಲಿಲ್ಲ. ಪೇಪರಿನ ಹಿಂದಿನಿಂದ “ಹ್ಞೂಂ” ಎಂದು ಬಂತು. ಅಂದಿನಿಂದ ಇವರು ಇಲ್ಲಿಂದ ಓಡಿಸುವುದು, ಅವರು ಅಲ್ಲಿಂದ ಕೇಳುವುದು. ದಂಪತಿಗಳು ಅಷ್ಟು ಮಾತಾಡಿಕೊಂಡದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಅತ್ತೆಯ ವೇಗ ದಿನದಿನಕ್ಕೆ ಏರುತ್ತಾ ಹೋಯಿತು.

ಆಗ ಸವಳಂಗ ರಸ್ತೆಯಲ್ಲಿ ಗೇಮ್ ಸೆಂಟರೊಂದು ತೆರೆದಿತ್ತು. ಅದೇ ಗೇಮು, ಅದೇ ಥರದ ಸ್ಟೀರಿಂಗು, ಭಾನುವಾರ ಸ್ಪರ್ಧೆ. ಸುಮ್ಮನಿರಲಾರದೆ ನಾನು ಅತ್ತೆಯ ಹೆಸರು ಬರೆಸಿ ಬಂದೆ. ಅತ್ತೆ ಜರಿಯಂಚಿನ ಸೀರೆಯುಟ್ಟು, ಯಾವುದೋ ಆರತಕ್ಷತೆಗೆ ಹೊರಟವರ ಹಾಗೆ ಬಂದರು. ಒಳಗೆ ಕಾಲೇಜು ಹುಡುಗರ ಜಾತ್ರೆ. ಹಾಡಿನ ಅಬ್ಬರಕ್ಕೆ ಗೋಡೆ ನಡುಗುತ್ತಿತ್ತು. ಅತ್ತೆ ಕೂತು ಒಂದು ತಿರುವು ತಿರುಗಿಸಿ ನನ್ನ ಕಡೆ ನೋಡಿದರು. ಚಕ್ರದ ಸದ್ದು ಒಂದಿಷ್ಟೂ ಕೇಳುತ್ತಿರಲಿಲ್ಲ. ಮುಗಿಯಿತು ಕಥೆ ಎಂದುಕೊಂಡೆ. ಅತ್ತೆ ಬಳೆಗಳನ್ನು ಮೊಣಕೈವರೆಗೆ ಏರಿಸಿಕೊಂಡರು, ಬೆರಳುಗಳನ್ನು ಮತ್ತೆ ಹಗುರಾಗಿ ಇಟ್ಟರು.

ಆಮೇಲೆ ನಡೆದದ್ದನ್ನು ಆ ಹುಡುಗರನ್ನೇ ಕೇಳಬೇಕು. ಒಬ್ಬೊಬ್ಬರಾಗಿ ತಮ್ಮ ಕುರ್ಚಿ ಬಿಟ್ಟು ಅತ್ತೆಯ ಹಿಂದೆ ಬಂದು ನಿಂತರು. ಕೊನೆಗೆ ಯಾರೋ ಹೋಗಿ ಹಾಡನ್ನೂ ನಿಲ್ಲಿಸಿದರು. ಅತ್ತೆ ಮೊದಲನೆಯವರಾಗಿ ಬಂದರು. ಸದ್ದಿಲ್ಲದೆ ಹೇಗೆ ಓಡಿಸಿದಿರಿ ಎಂದು ದಾರಿಯಲ್ಲಿ ಕೇಳಿದೆ.

“ಕಿವಿ ಇಲ್ದಿದ್ರೆ ಕೈ ಇಲ್ವೇನೋ? ತಿರುವಲ್ಲಿ ಸ್ಟೀರಿಂಗು ಭಾರ ಆಗ್ತಾ ಹೋಗುತ್ತೆ. ಚಕ್ರ ಕೈಬಿಡೋಕೆ ಒಂಚೂರು ಮುಂಚೆ ಹಗುರ ಆಗುತ್ತೆ. ತುಂಬಿದ ಕೊಡ ಹೊತ್ತೋಳು ಕೊಡ ಹಗುರ ಆಯ್ತು ಅಂದ್ರೆ ಖುಷಿ ಪಡ್ತಾಳಾ? ನೀರು ಚೆಲ್ತಿದೆ ಅಂತ ಗೊತ್ತಾಗಲ್ವಾ?”

ಬಹುಮಾನವಾಗಿ ಬಂದದ್ದು ಒಂದು ತಿಂಗಳು ಪುಕ್ಕಟೆ ಇಂಟರ್ನೆಟ್ಟು. ಕೂಪನ್ನನ್ನು ತಿರುಗಿಸಿ ಮುರುಗಿಸಿ ನೋಡಿ ಅತ್ತೆ, “ಒಂದು ಸ್ಟೀಲ್ ಡಬ್ಬಿ ಕೊಟ್ಟಿದ್ರೆ ಏನಾಗ್ತಿತ್ತು ಇವ್ರಿಗೆ” ಎಂದರು.

ಇನ್ನು ನಿಜವಾದ ಕಾರು. ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು ಭದ್ರಾವತಿ ಕಡೆಯವರು, ಗಾಬರಿಯಾದಾಗ ಬಾಯಲ್ಲಿ ತಮಿಳು ಬರುತ್ತಿತ್ತು. ನಮ್ಮತ್ತೆ ಬಂದ ಮೇಲೆ ಅವರ ಕನ್ನಡವೇ ಮಾಯವಾಯಿತು. ಗೇಮಿನಲ್ಲಿ ಕ್ಲಚ್ ಇರಲಿಲ್ಲ. ಊರಿನ ಹುಡುಗರನ್ನೆಲ್ಲ ಸೋಲಿಸಿದ ವೀರವನಿತೆಯ ಕಾರು ಗೇಟಿನಿಂದಲೇ ಹೊರಡಲೊಲ್ಲದು! “ಕಾಲು ಎರಡು, ಪೆಡಲು ಮೂರು. ಇದನ್ನ ಯಾರು ಮಾಡಿದ್ದೋ” ಎಂದು ಅತ್ತೆ ಕಾರು ಕಂಡುಹಿಡಿದವನ ವಂಶವನ್ನೇ ಜಾಲಾಡಿದರು. ಕ್ಲಚ್ ಕೈವಶವಾದ ಮೇಲೆ ಮೇಷ್ಟ್ರ ಬಾಯಿ ಮುಚ್ಚಿಸಿದರು: “ಸ್ವಲ್ಪ ಸುಮ್ನಿರಿ ಮೇಷ್ಟ್ರೇ. ನೀವು ಮಾತಾಡ್ತಿದ್ರೆ ಚಕ್ರದ ಮಾತು ಕೇಳಲ್ಲ.” ಖಾಲಿ ರಸ್ತೆಯ ಒಂದು ತಿರುವನ್ನು ಅತ್ತೆ ತಮ್ಮ ಲೆಕ್ಕದಲ್ಲಿ ಸರಿಯಾಗಿ, ಅಂದರೆ ಗುನುಗುವ ಹಾಗೆ, ತೆಗೆದುಕೊಂಡರಂತೆ. ಮೇಷ್ಟ್ರು ಡ್ಯಾಶ್‌ಬೋರ್ಡ್ ಹಿಡಿದು “ಮೆಲ್ಲ, ಅಮ್ಮಾ, ಮೆಲ್ಲ” ಎನ್ನುತ್ತಲೇ ವಾಪಸು ಬಂದರಂತೆ. ಕೋರ್ಸು ಮುಗಿದ ದಿನ ಅವರು ನನ್ನನ್ನು ಬದಿಗೆ ಕರೆದು ಹೇಳಿದರು: “ನನ್ನ ಕಡೆನೂ ಒಂದು ಬ್ರೇಕಿದೆ ಸಾರ್. ದಿನಾ ಅದ್ರ ಮೇಲೆ ಕಾಲಿಟ್ಕೊಂಡೇ ಕೂತಿದ್ದೆ. ಒತ್ತೋ ಕೆಲಸ ಒಂದ್ಸಲನೂ ಬರ್ಲಿಲ್ಲ.”

ಲೈಸೆನ್ಸ್ ಬಂತು. ನಾನೊಂದು ಹಳೆಯ ಕಾರು ಕೊಂಡೆ. ಅಷ್ಟು ಹೊತ್ತಿಗೆ ದೊಡ್ಡಕ್ಕನಿಗೆ ಫೋನಿನ ಅಂಕಿಗಳೇ ಕಾಣದಾಗಿದ್ದವು. ಪಕ್ಕದ ಮನೆಯವರು ಒತ್ತಿಕೊಡುತ್ತಿದ್ದರು. ಇನ್ನು ತಡ ಮಾಡುವ ಹಾಗಿರಲಿಲ್ಲ.

ಭಾನುವಾರ ಬೆಳಿಗ್ಗೆ ಅತ್ತೆ ಕಾರನ್ನು ಬಾಗಿಲಿಗೆ ತಂದು ನಿಲ್ಲಿಸಿ, ಒಳಗೇ ಕೂತರು. ಬನ್ನಿ ಎನ್ನಲಿಲ್ಲ. ಮಾವ ಬಿಳಿ ಪಂಚೆ, ಶರಟು ಹಾಕಿಕೊಂಡು ಹೊರಗೆ ಬಂದರು. ಮುಂದಿನ ಸೀಟಿನಲ್ಲಿ ಕೂತರು. ಇಳಿದರು. ಮನೆಯ ಬೀಗ ಎಳೆದು ನೋಡಿ ಮತ್ತೆ ಕೂತರು. ಮತ್ತೆ ಇಳಿದರು. ನಾನು ಹಿಂದಿನ ಸೀಟಿನಿಂದ ಏನೋ ಹೇಳಹೊರಟೆ, ಅತ್ತೆ ಕನ್ನಡಿಯಲ್ಲಿ ಕಣ್ಣಿನಿಂದಲೇ ಸುಮ್ಮನಿರಿಸಿದರು. ಮೂರನೆಯ ಸಲ ಮಾವ ಕೂತು ಬಾಗಿಲು ಹಾಕಿಕೊಂಡರು, ಕಣ್ಣು ಮುಚ್ಚಿದರು. ಹಣೆಯ ವಿಭೂತಿ ಬೆವರಿಗೆ ಕರಗುತ್ತಿತ್ತು.

“ಕಿಟಕಿ ಇಳಿಸಿಡಿ. ಕೇಳ್ತಿರ್ಲಿ” ಎಂದರು ಅತ್ತೆ.

ಕಾರು ಹೊರಟಿತು. ಊರು ದಾಟಿತು. ಭದ್ರಾವತಿ ರಸ್ತೆಯಲ್ಲಿ ನಮ್ಮ ಮುಂದೆ ಒಂದು ಲಾರಿ ಹೋಗುತ್ತಿತ್ತು. ನಾನು ಇನ್ನೇನು ಗೆದ್ದೆವು ಎಂದುಕೊಳ್ಳುತ್ತಿರುವಾಗ, ಹಸುವೊಂದು ರಸ್ತೆಗೆ ನುಗ್ಗಿ ಲಾರಿಯವನು ಬ್ರೇಕು ತುಳಿದ. ಅಯ್ಯೋ, ಆ ಕಿರುಚು! ರಸ್ತೆಯೇ ಹರಿದ ಹಾಗಿತ್ತು. ಮಾವ ಎರಡೂ ಕೈಯಿಂದ ಸೀಟನ್ನು ಹಿಡಿದುಕೊಂಡರು. ಅತ್ತೆಯ ಕಾಲು ಬ್ರೇಕಿನ ಮೇಲೆ ಬಿತ್ತು, ಒತ್ತಿತು, ಇನ್ನಷ್ಟು ಒತ್ತಿತು, ಅಲ್ಲೇ ನಿಂತಿತು. ನಮ್ಮ ಚಕ್ರಗಳಿಂದ ಬಂದದ್ದು ಸಣ್ಣದೊಂದು ಗುನುಗು. ಕಾರು ಲಾರಿಯ ಹಿಂದೆ ಒಂದು ಆಳು ನಿಲ್ಲುವಷ್ಟು ಜಾಗ ಬಿಟ್ಟು ನಿಂತಿತು.

ಹಸು ರಸ್ತೆ ದಾಟಿ ಹೋಯಿತು. ಮಾವ ಕಣ್ಣು ತೆರೆದರು.

“ಗುನುಗ್ತು ಅಷ್ಟೆ” ಎಂದರು. “ನರಳ್ಲಿಲ್ಲ ಕಣೇ. ನಡಿ.”

ಭದ್ರಾವತಿಯ ಮನೆಯಲ್ಲಿ ದೊಡ್ಡಕ್ಕ ಕಿಟಕಿಯ ಪಕ್ಕ ಗೋಡೆಗೊರಗಿ ಕೂತಿದ್ದರು. ಮಾವ ಮುಂದೆ ಹೋಗಿ ಕೂತರೆ, ಅವರು ಎರಡೂ ಅಂಗೈಯಲ್ಲಿ ತಮ್ಮನ ಮುಖ ಹಿಡಿದು, ಬೆಳಕಿನ ಕಡೆಗೆ ತಿರುಗಿಸಿ, ಹತ್ತಿರ ತಂದುಕೊಂಡು ನೋಡಿದರು. ತುಂಬ ಹೊತ್ತು ನೋಡಿದರು. “ಕೂದಲೆಲ್ಲ ಬೆಳ್ಳಗಾಗಿದೆಯಲ್ಲೋ” ಎಂದರು. ಆಮೇಲೆ, “ಅಷ್ಟು ಹೆದ್ರೋನು ಯಾವ್ದ್ರಲ್ಲಿ ಬಂದ್ಯೋ ತಮ್ಮಾ?” ಎಂದು ಕೇಳಿದರು.

“ಇವ್ಳ ಜೊತೆ ಬಂದೆ ಅಕ್ಕ” ಎಂದರು ಮಾವ.

ಅತ್ತೆ ತಮ್ಮ ಬಗ್ಗೆ ತಾವೇ ಏನಾದರೂ ಸೇರಿಸುತ್ತಾರೆ ಎಂದು ನಾನು ಕಾದೆ. ಅವರು ನೀರು ಕುಡಿಯುವ ನೆಪದಲ್ಲಿ ಒಳಗೆ ಹೋಗಿಬಿಟ್ಟರು.

ಸಂಜೆ ವಾಪಸು ಹೊರಟೆವು. ಊರು ಹತ್ತಿರವಾದಂತೆ ನಮ್ಮ ಕಾರು ಎಷ್ಟು ನಿಧಾನವಾಯಿತೆಂದರೆ ಹುಲ್ಲು ಹೇರಿಕೊಂಡಿದ್ದ ಟ್ರ್ಯಾಕ್ಟರೊಂದು ಹಾರ್ನ್ ಹೊಡೆದು ನಮ್ಮನ್ನು ಹಿಂದೆ ಹಾಕಿತು. “ಇದೇನತ್ತೆ ಅವಮಾನ” ಎಂದೆ. ಅತ್ತೆ ತುಟಿಯ ಮೇಲೆ ಬೆರಳಿಟ್ಟುಕೊಂಡು ಪಕ್ಕಕ್ಕೆ ಕಣ್ಣು ಹೊರಳಿಸಿದರು. ಬಗ್ಗಿ ನೋಡಿದೆ. ಮಾವ ನಿದ್ದೆ ಹೋಗಿದ್ದರು. ಸೀಟು ಹಿಡಿದಿದ್ದ ಕೈಗಳು ತೊಡೆಯ ಮೇಲೆ ಸಡಿಲವಾಗಿ ಬಿದ್ದಿದ್ದವು, ತಲೆ ಅತ್ತೆಯ ಹೆಗಲಿನ ಕಡೆಗೆ ವಾಲಿತ್ತು.

ವಿನೋಬನಗರದ ನಮ್ಮ ತಿರುವು ಬಂತು. ಅತ್ತೆ ತಿರುಗಿಸಲಿಲ್ಲ.

“ಅತ್ತೆ, ಮನೆ ಹಿಂದೆ ಹೋಯ್ತು” ಎಂದು ಪಿಸುಗುಟ್ಟಿದೆ.

“ಗೊತ್ತು ಕಣೋ. ನಿಲ್ಲಿಸಿದ್ರೆ ಎಚ್ಚರ ಆಗುತ್ತೆ.”

ಅವರ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಸ್ಟೀರಿಂಗಿನಿಂದ ಕೈ ತೆಗೆಯಲಿಲ್ಲ. ಸವಳಂಗ ರಸ್ತೆಯಲ್ಲಿ ನೇರವಾಗಿ, ಅಂಗಡಿಗಳೆಲ್ಲ ಮುಗಿಯುವವರೆಗೆ, ಆಮೇಲೂ ಬಹಳ ದೂರ ಹೋದೆವು. ಮಾವ ಸಣ್ಣಗೆ ಗೊರಕೆ ಹೊಡೆಯುತ್ತಲೇ ಇದ್ದರು.